ಊಟದ ಆ್ಯಪ್‌ಗಳ ಲೆಕ್ಕ ಪರಿಶೋಧನೆ

ಊಟದ ಲೆಕ್ಕ ಇಡುವ ಆ್ಯಪ್ ಆರಿಸುವವರು ಸಾಮಾನ್ಯವಾಗಿ ಅದಕ್ಕೆ ಸಿಕ್ಕ ತಾರೆಗಳನ್ನು, ಪರದೆಯ ಬಣ್ಣವನ್ನು, ತಿಂಗಳ ಚಂದಾವನ್ನು ನೋಡುತ್ತಾರೆ. ನಾನು ಮೊದಲು ಹುಡುಕಿದ್ದು ರಾಗಿ ಮುದ್ದೆಯನ್ನು. ಮುದ್ದೆ ಸಿಕ್ಕ ಮೇಲೆ ಕೇಳಿದ ಪ್ರಶ್ನೆ ಒಂದೇ: ಎಷ್ಟು ಗ್ರಾಂ ಮುದ್ದೆ? ಈ ಪ್ರಶ್ನೆಗೆ ಉತ್ತರ ಕೊಡದ ಆ್ಯಪ್ ಎಷ್ಟೇ ಚೆಂದವಾಗಿರಲಿ, ನಮ್ಮ ಅಡುಗೆಮನೆಗೆ ಅದರಿಂದ ಉಪಯೋಗವಿಲ್ಲ.

ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುವುದು ನನ್ನ ವೃತ್ತಿ. ವಯಸ್ಸು 49, ಎತ್ತರ 157 ಸೆಂಟಿಮೀಟರ್, ತೂಕ ಆಗ 68 ಕಿಲೋ. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಅಂಕಿ, ಶೇಕಡಾ 6.1 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದು ಅರ್ಥ. ವೈದ್ಯರು ಮಾತ್ರೆ ಬರೆಯಲಿಲ್ಲ. "ಮೇಡಂ, ಏನು ತಿನ್ನುತ್ತೀರಿ, ಎಷ್ಟು ತಿನ್ನುತ್ತೀರಿ ಎಂದು ಬರೆದುಕೊಂಡು ಬನ್ನಿ" ಎಂದರು. ಬರೆಯುವುದಾದರೆ ಸರಿಯಾಗಿ ಬರೆಯೋಣ ಎಂದು ಮೊಬೈಲಿಗೆ ಒಂದರ ಹಿಂದೆ ಒಂದು ಆ್ಯಪ್ ಇಳಿಸಿಕೊಂಡೆ. ಇಲ್ಲಿ ಬರೆಯುತ್ತಿರುವುದು ಆ ಅನುಭವ. ನನಗೆ ತೊಂದರೆ ಕೊಟ್ಟ ಆ್ಯಪ್‌ಗಳ ಹೆಸರು ಹೇಳುವುದಿಲ್ಲ. ಅವು ತಿಂಗಳಿಗೊಮ್ಮೆ ಬದಲಾಗುತ್ತವೆ. ನಾನು ಕಂಡ ದೋಷ ನಿಮ್ಮ ಕಾಲಕ್ಕೆ ಇಲ್ಲದಿರಬಹುದು. ಪರೀಕ್ಷೆ ಮಾಡುವ ವಿಧಾನ ಮಾತ್ರ ಹಳತಾಗುವುದಿಲ್ಲ.

ಮೊದಲ ಆ್ಯಪ್‌ನಲ್ಲಿ ಮುದ್ದೆ ಎಂದು ಹುಡುಕಿದಾಗ ಪರದೆ ತುಂಬ ಮುದ್ದೆಗಳು ಬಂದವು. ಒಂದರಲ್ಲಿ 90 ಕ್ಯಾಲೊರಿ, ಇನ್ನೊಂದರಲ್ಲಿ 400ಕ್ಕೂ ಹೆಚ್ಚು. ಎಲ್ಲದರ ಮುಂದೆಯೂ "ಒಂದು" ಎಂದಷ್ಟೇ ಇತ್ತು. ಮಂಡ್ಯದ ಕಡೆಯ ಒಂದು ಮುದ್ದೆಯೂ ನಮ್ಮ ಮನೆಯಲ್ಲಿ ಅತ್ತೆಯವರು ನನಗಾಗಿ ಕಟ್ಟುವ ಒಂದು ಮುದ್ದೆಯೂ ಒಂದೇ ಅಲ್ಲ ಎಂಬುದನ್ನು ಯಾರಿಗೆ ಹೇಳುವುದು? ಬಸ್ಸಾರನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಏನೂ ಸಿಗಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬಗೆಬಗೆಯಾಗಿ ಕಾಗುಣಿತ ಬದಲಿಸಿದಾಗ ಬಗೆಬಗೆಯ ಸಾರು ಸಿಕ್ಕಿತು, ಒಂದರ ಅಂಕಿ ಇನ್ನೊಂದಕ್ಕೆ ಹೊಂದಲಿಲ್ಲ. ಪುಷ್ಯದ ಅವರೆಕಾಳಿನದು ಇನ್ನೊಂದು ಕಥೆ. ನಮ್ಮ ಅವರೆಯ ಜಾಗದಲ್ಲಿ ಪರದೇಶದ ಬೇರೆ ಯಾವುದೋ ಬೀನ್ಸ್ ಕುಳಿತಿತ್ತು. ಹಿತಕಿದ ಬೇಳೆಯ ಸಾರನ್ನು ಅದರ ಲೆಕ್ಕದಲ್ಲಿ ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ.

ಇಷ್ಟೊಂದು ಗೊಂದಲ ಏಕೆ ಎಂದು ತಿಳಿಯಬೇಕಾದರೆ ಈ ಅಂಕಿಗಳನ್ನು ಯಾರು ಬರೆಯುತ್ತಾರೆ ಎಂದು ನೋಡಬೇಕು. ಜಗತ್ತಿನಲ್ಲಿ ಹೆಚ್ಚು ಹೆಸರಾದ ಮೈಫಿಟ್‌ನೆಸ್‌ಪಾಲ್ ಅನ್ನು 2005ರಲ್ಲಿ ಅಮೆರಿಕದಲ್ಲಿ ಮೈಕ್ ಲೀ ಮತ್ತು ಆಲ್ಬರ್ಟ್ ಲೀ ಎಂಬ ಸೋದರರು ಆರಂಭಿಸಿದರು. ಅದರ ಆಹಾರ ಪಟ್ಟಿ ಅಷ್ಟು ದೊಡ್ಡದಾದದ್ದು ಬಳಕೆದಾರರೇ ಪದಾರ್ಥಗಳನ್ನು ಸೇರಿಸುತ್ತಾ ಹೋದದ್ದರಿಂದ. ಅಮೆರಿಕದ ಅಂಗಡಿಯಲ್ಲಿ ಸಿಗುವ ಪೊಟ್ಟಣದ ತಿಂಡಿಗೆ ಈ ಪದ್ಧತಿ ಸಾಕು, ಏಕೆಂದರೆ ಪೊಟ್ಟಣದ ಮೇಲೆಯೇ ಅಂಕಿ ಅಚ್ಚಾಗಿರುತ್ತದೆ, ನೋಡಿ ಬರೆದರಾಯಿತು. ಮನೆಯ ಹುಳಿಗೆ, ಗೊಜ್ಜಿಗೆ ಯಾವ ಪೊಟ್ಟಣವಿದೆ? ಯಾರೋ ಒಬ್ಬರು ತಮ್ಮ ಮನೆಯ ಬಟ್ಟಲನ್ನು ಅಂದಾಜಿನಲ್ಲಿ ಬರೆದಿರುತ್ತಾರೆ, ಅದನ್ನು ಸಾವಿರಾರು ಜನ ತಮ್ಮ ಬಟ್ಟಲು ಎಂದು ನಂಬುತ್ತಾರೆ.

ಲೆಕ್ಕದವಳಾದ್ದರಿಂದ ನನಗೆ ತಾಳೆ ನೋಡುವ ಚಟ. ಇಲ್ಲಿಯೂ ಅದಕ್ಕೊಂದು ದಾರಿ ಇದೆ. ಒಂದು ಗ್ರಾಂ ಪ್ರೋಟೀನ್‌ಗೆ 4 ಕ್ಯಾಲೊರಿ, ಒಂದು ಗ್ರಾಂ ಕಾರ್ಬೋಹೈಡ್ರೇಟ್‌ಗೆ 4, ಒಂದು ಗ್ರಾಂ ಕೊಬ್ಬಿಗೆ 9. ಆ್ಯಪ್‌ನಲ್ಲಿ ಯಾವುದೇ ಪದಾರ್ಥ ತೆರೆದರೂ ಈ ಮೂರನ್ನು ಗುಣಿಸಿ ಕೂಡಿ. ಮೇಲೆ ಬರೆದಿರುವ ಒಟ್ಟು ಕ್ಯಾಲೊರಿಗೆ ಹತ್ತಿರ ಬರಬೇಕು. ನಾರಿನಂಶದಿಂದ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು, ಅದನ್ನು ಬಿಟ್ಟುಬಿಡಿ. ನಾನು ಒಂದು ಕಡೆ ತೆರೆದ ಕಡಲೆಕಾಯಿ ಚಟ್ನಿಯಲ್ಲಿ 120 ಕ್ಯಾಲೊರಿ ಎಂದಿತ್ತು. ಪ್ರೋಟೀನ್ 4 ಗ್ರಾಂ, ಕಾರ್ಬೋಹೈಡ್ರೇಟ್ 6, ಕೊಬ್ಬು 3. ಕೂಡಿದರೆ 16, 24, 27, ಒಟ್ಟು 67. ಉಳಿದ 53 ಎಲ್ಲಿಂದ ಬಂತು? ಕಡಲೆಕಾಯಿಯ ಚಟ್ನಿಯಲ್ಲಿ ಪ್ರೋಟೀನಿಗಿಂತ ಕೊಬ್ಬು ಕಡಿಮೆ ಇರುವುದೇ ಅನುಮಾನದ ವಿಷಯ. ನನ್ನ ವಿದ್ಯಾರ್ಥಿ ಹೀಗೆ ತಾಳೆಯಾಗದ ಲೆಕ್ಕ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ. ಹೊಸ ಆ್ಯಪ್ ಇಳಿಸಿಕೊಂಡವರು ದಿನವೂ ತಿನ್ನುವ ಕೆಲವು ಪದಾರ್ಥಗಳನ್ನು ಹೀಗೆ ತಾಳೆ ನೋಡಿದರೆ ಸಾಕು, ಆ ಪಟ್ಟಿಯ ಯೋಗ್ಯತೆ ತಿಳಿದುಬಿಡುತ್ತದೆ.

ಎರಡನೆಯ ಪರೀಕ್ಷೆ ಅಕ್ಕಿಯದು. 100 ಗ್ರಾಂ ಹಸಿ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ. ಅದೇ ತೂಕದ ಅನ್ನದಲ್ಲಿ ಸುಮಾರು 130, ಏಕೆಂದರೆ ಉಳಿದದ್ದು ನೀರು. ಆ್ಯಪ್‌ನಲ್ಲಿ ಬರೀ "ಅಕ್ಕಿ" ಎಂದಿದ್ದು, ಹಸಿಯೋ ಬೆಂದದ್ದೋ ಎಂದು ಹೇಳದಿದ್ದರೆ, ತಟ್ಟೆಯಲ್ಲಿರುವ 150 ಗ್ರಾಂ ಅನ್ನ 195 ಕ್ಯಾಲೊರಿಯೂ ಆಗಬಹುದು, 534 ಕೂಡ ಆಗಬಹುದು. ಬೇಳೆ, ಕಾಳು, ಶಾವಿಗೆ, ರವೆ ಎಲ್ಲಕ್ಕೂ ಇದೇ ತಕರಾರು. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು "ನಾನು ತಿನ್ನುವುದು ಬರೀ ಎರಡು ಹಿಡಿ, ಆದರೂ ಆ್ಯಪ್ ಸಾವಿರ ತೋರಿಸುತ್ತದೆ" ಎಂದು ಅನ್ನವನ್ನೇ ಬಿಟ್ಟಿದ್ದರು. ಅವರ ಮೊಬೈಲ್ ತೆಗೆಸಿ ನೋಡಿದೆ. ಅನ್ನ ತೂಗಿ ಹಸಿ ಅಕ್ಕಿಯ ಸಾಲಿನಲ್ಲಿ ಬರೆಯುತ್ತಿದ್ದರು, ಪಾಪ.

ಹಾಗಾದರೆ ನಂಬಬಹುದಾದ ಅಂಕಿ ಎಲ್ಲಿದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ಸಂಯೋಜನಾ ಕೋಷ್ಟಕವನ್ನು ಹೊರತಂದಿದೆ. ದೇಶದ ಬೇರೆ ಬೇರೆ ಭಾಗಗಳಿಂದ ಮಾದರಿ ತಂದು ಪ್ರಯೋಗಾಲಯದಲ್ಲಿ ಅಳೆದು ಸಿದ್ಧಪಡಿಸಿದ 528 ಪದಾರ್ಥಗಳ ಪಟ್ಟಿ ಅದು. ಶಕ್ತಿಯನ್ನು ಕಿಲೋಜೌಲ್‌ನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿಕೊಂಡರೆ ನಮಗೆ ಬೇಕಾದ ಕ್ಯಾಲೊರಿ ಬರುತ್ತದೆ. ಆ ಪ್ರಕಾರ 100 ಗ್ರಾಂ ರಾಗಿಯಲ್ಲಿ 321 ಕ್ಯಾಲೊರಿ, ಸುಮಾರು 7 ಗ್ರಾಂ ಪ್ರೋಟೀನ್, 364 ಮಿಲಿಗ್ರಾಂ ಕ್ಯಾಲ್ಸಿಯಂ. ತೊಗರಿಬೇಳೆಯಲ್ಲಿ 331 ಕ್ಯಾಲೊರಿ, ಸುಮಾರು 22 ಗ್ರಾಂ ಪ್ರೋಟೀನ್. ತೊಂದರೆ ಏನೆಂದರೆ ಅಲ್ಲಿರುವುದು ಪದಾರ್ಥಗಳು, ಅಡುಗೆಗಳಲ್ಲ. ಸಾರು, ಪಲ್ಯ, ಚಿತ್ರಾನ್ನಗಳನ್ನು ನಾವೇ ಕೂಡಿಸಿ ಕಟ್ಟಿಕೊಳ್ಳಬೇಕು.

ಆದ್ದರಿಂದ ನನ್ನ ತೀರ್ಮಾನ ಇದು: ಕರ್ನಾಟಕದ ಮನೆಯೂಟ ಉಣ್ಣುವವರು ಆ್ಯಪ್‌ನ ಪಟ್ಟಿ ಎಷ್ಟು ದೊಡ್ಡದು ಎಂದು ಕೇಳಬಾರದು, ನಮ್ಮದೇ ಪದಾರ್ಥ, ನಮ್ಮದೇ ಅಡುಗೆಯನ್ನು ತೂಕದ ಲೆಕ್ಕದಲ್ಲಿ ಬರೆದಿಡಲು ಅದು ಬಿಡುತ್ತದೆಯೇ ಎಂದು ಕೇಳಬೇಕು. ಈ ಕಾರಣಕ್ಕೆ ನಾನು ಕೆನಡಾದ ಕ್ರೋನೋಮೀಟರ್‌ನಲ್ಲಿ ನಿಂತೆ. ಹುಡುಕಿದಾಗ ಬರುವ ಪ್ರತಿ ಪದಾರ್ಥದ ಪಕ್ಕದಲ್ಲಿ ಆ ಅಂಕಿಯ ಮೂಲ ಯಾವುದು ಎಂದು ಅದು ತೋರಿಸುತ್ತದೆ, ಅಮೆರಿಕದ ಕೃಷಿ ಇಲಾಖೆಯದೋ, ಮತ್ತೊಂದು ಕೋಷ್ಟಕದ್ದೋ ಎಂದು. ವೋಚರ್ ಇಲ್ಲದ ನಮೂದನ್ನು ಒಪ್ಪಬೇಡಿ ಎಂದು ತರಗತಿಯಲ್ಲಿ ಹೇಳುವ ನನಗೆ ಇದೊಂದೇ ಸಾಕಾಗಿತ್ತು. ಸ್ವಂತ ಪದಾರ್ಥ ಸೇರಿಸುವುದು, ಸ್ವಂತ ಅಡುಗೆ ಕಟ್ಟುವುದು ಎರಡೂ ಉಚಿತ ಆವೃತ್ತಿಯಲ್ಲೇ ಇವೆ. ರಾಗಿ, ತೊಗರಿ, ಅವರೆ, ಹಸಿ ತೆಂಗಿನಕಾಯಿ, ಕಡಲೆಕಾಯಿ ಹೀಗೆ ನಮ್ಮ ಮನೆಯ ಮುಖ್ಯ ಪದಾರ್ಥಗಳನ್ನು ಹೈದರಾಬಾದಿನ ಕೋಷ್ಟಕ ನೋಡಿಕೊಂಡು ಒಂದು ಭಾನುವಾರ ಕುಳಿತು ಸೇರಿಸಿದೆ.

ಒಂದು ಹುಳಿಯ ಲೆಕ್ಕವನ್ನು ಪೂರ್ತಿಯಾಗಿ ಹೇಳುತ್ತೇನೆ, ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲಿ. ತೊಗರಿಬೇಳೆ 150 ಗ್ರಾಂ, ಅಂದರೆ 497 ಕ್ಯಾಲೊರಿ. ಹುರುಳಿಕಾಯಿ 200 ಗ್ರಾಂ, ಸುಮಾರು 50. ರುಬ್ಬಲು ತೆಂಗಿನತುರಿ 60 ಗ್ರಾಂ, 245. ಒಗ್ಗರಣೆಗೆ ಎಣ್ಣೆ 15 ಗ್ರಾಂ, 135. ಹುಣಸೆ, ಮೆಣಸಿನಕಾಯಿ, ಕೊತ್ತಂಬರಿ ಬೀಜದ್ದು ಅಲ್ಪಸ್ವಲ್ಪ, ಬಿಟ್ಟೆ. ಒಟ್ಟು 927. ಹುಳಿ ಕುದಿದು ಇಳಿಸಿದ ಮೇಲೆ ಪಾತ್ರೆಯ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆದರೆ 1,600 ಗ್ರಾಂ. ಅಲ್ಲಿಗೆ 100 ಗ್ರಾಂ ಹುಳಿಗೆ 58 ಕ್ಯಾಲೊರಿ. ಊಟಕ್ಕೆ ಕುಳಿತಾಗ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಸೌಟಿನಿಂದ ಬಡಿಸಿಕೊಂಡು, ಬಂದ ತೂಕವನ್ನು ಬರೆದರೆ ಮುಗಿಯಿತು. ಇದರಲ್ಲಿ ನನಗೆ ಅಚ್ಚರಿ ತಂದದ್ದು ತೆಂಗಿನಕಾಯಿ. ಬೇಳೆ ಹುಳಿ ಎಂದು ಹೆಸರು, ಕ್ಯಾಲೊರಿಯಲ್ಲಿ ಹತ್ತಿರಹತ್ತಿರ ಐದರಲ್ಲಿ ಎರಡು ಪಾಲು ಕಾಯಿ ಮತ್ತು ಎಣ್ಣೆಯದು. ಯಾವ ಆ್ಯಪ್‌ನ ಸಿದ್ಧ "ಸಾಂಬಾರ್" ಸಾಲೂ ಈ ವಿಷಯವನ್ನು ನನಗೆ ಹೇಳಿರಲಿಲ್ಲ.

ತಕ್ಕಡಿ ಇಲ್ಲದೆ ಇದು ಆಗುವುದಿಲ್ಲ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ನಾನು ಕೊಂಡದ್ದು ನಾನೂರು ರೂಪಾಯಿಯ ಆಸುಪಾಸಿನಲ್ಲಿ. ಒಂದು ವರ್ಷದ ಯಾವ ಚಂದಾಕ್ಕಿಂತಲೂ ಅದು ಹೆಚ್ಚು ಕೆಲಸ ಮಾಡಿದೆ. ಮನೆಯ ಎಲ್ಲ ಪಾತ್ರೆಗಳ ಖಾಲಿ ತೂಕವನ್ನು ಅಲಮಾರಿಯ ಬಾಗಿಲ ಒಳಗೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. "ಚಿನ್ನ ತೂಗುವ ಸೊಸೆಯರನ್ನು ನೋಡಿದ್ದೇನೆ, ಹುಳಿ ತೂಗುವ ಸೊಸೆಯನ್ನು ಈಗ ನೋಡುತ್ತಿದ್ದೇನಮ್ಮ" ಎಂದರು ಅತ್ತೆಯವರು. ತೆಂಗಿನತುರಿಯನ್ನು ಅಳೆಯುವುದಕ್ಕೆ ಮಾತ್ರ ಅವರು ಇಂದಿಗೂ ಒಪ್ಪಿಲ್ಲ. ಅವರ ಕೈಯ ಒಂದು ಹಿಡಿ ಎಷ್ಟು ಎಂದು ಅವರಿಗೆ ಗೊತ್ತಿಲ್ಲದಂತೆ ಹಲವು ಸಲ ತೂಗಿ ಸರಾಸರಿ ಇಟ್ಟುಕೊಂಡಿದ್ದೇನೆ.

ಮುದ್ದೆಯ ವಿಷಯಕ್ಕೆ ಬಂದರೆ, ನನಗೆ ಕಟ್ಟುವ ಮುದ್ದೆಗೆ 80 ಗ್ರಾಂ ಹಿಟ್ಟು ಹೋಗುತ್ತದೆ: 257 ಕ್ಯಾಲೊರಿ, ಜೊತೆಗೆ 290 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ. ಬೆಂದ ಮುದ್ದೆ ಎಷ್ಟು ನೀರು ಕುಡಿದಿದೆ ಎಂಬುದು ದಿನದಿನಕ್ಕೆ ಬದಲಾಗುವುದರಿಂದ ಮುದ್ದೆಯನ್ನು ಮಾತ್ರ ಹಿಟ್ಟಿನ ಲೆಕ್ಕದಲ್ಲೇ ಬರೆಯುತ್ತೇನೆ.

ಮನೆಯಲ್ಲಿ ಇಷ್ಟು ತೂಗಲು ಸಮಯವಿಲ್ಲ, ಊಟ ತಿಂಡಿ ಹೊರಗೆ ಹೆಚ್ಚು ಎನ್ನುವವರಿಗೆ ನನ್ನ ಆಯ್ಕೆ ಹೊಂದುವುದಿಲ್ಲ. 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೆಲ್ತಿಫೈಮಿ, ಈಗಿನ ಹೆಲ್ತಿಫೈ, ಇಂಥವರಿಗೆ ಅನುಕೂಲ. ಇಡ್ಲಿ, ದೋಸೆ, ಉಪ್ಪಿಟ್ಟುಗಳು ಕಟೋರಿ ಮತ್ತು ಸಂಖ್ಯೆಯ ಅಳತೆಯಲ್ಲಿ ಸಿದ್ಧವಾಗಿವೆ, ಬರೆಯುವುದಕ್ಕೆ ಹೆಚ್ಚು ಹೊತ್ತು ಬೇಡ. ಕಟೋರಿ ಎಷ್ಟು ದೊಡ್ಡದು ಎಂಬ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ. ನಮ್ಮ ಮನೆಯಲ್ಲೇ ಮೂರು ಗಾತ್ರದ ಬಟ್ಟಲುಗಳಿವೆ, ಚಿಕ್ಕದರ ಎರಡರಷ್ಟು ದೊಡ್ಡದು ಹಿಡಿಸುತ್ತದೆ. ನಿಮ್ಮ ಬಟ್ಟಲಿಗೆ ಎಷ್ಟು ಮಿಲಿಲೀಟರ್ ನೀರು ಹಿಡಿಸುತ್ತದೆ ಎಂದು ಒಮ್ಮೆ ಅಳೆದು ಇಟ್ಟುಕೊಂಡರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಆಸ್ಟ್ರೇಲಿಯಾದ ಫ್ಯಾಟ್‌ಸೀಕ್ರೆಟ್ ಕೂಡ ಸರಳವಾಗಿದೆ, ಭಾರತದ ತಿಂಡಿಗಳ ಪಟ್ಟಿಯೂ ಇದೆ. ಮ್ಯಾಕ್ರೋಫ್ಯಾಕ್ಟರ್ ಎಂಬುದೊಂದಿದೆ, ನೀವು ಬರೆದ ಊಟವನ್ನೂ ದಿನದಿನದ ತೂಕವನ್ನೂ ಜೋಡಿಸಿ ನಿಮ್ಮ ದೇಹ ನಿಜವಾಗಿ ಎಷ್ಟು ಖರ್ಚು ಮಾಡುತ್ತಿದೆ ಎಂದು ಅದು ಲೆಕ್ಕ ಹಾಕುತ್ತದೆ. ವಿಚಾರ ನನಗೆ ತುಂಬ ಹಿಡಿಸಿತು. ಉಚಿತ ಆವೃತ್ತಿ ಇಲ್ಲದ್ದರಿಂದ ಮುಂದುವರಿಯಲಿಲ್ಲ.

ತಟ್ಟೆಯ ಫೋಟೊ ತೆಗೆದರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎನ್ನುವ ಆ್ಯಪ್‌ಗಳು ಈಗ ಹೆಚ್ಚಾಗಿವೆ. ಬಿಸಿಬೇಳೆಬಾತಿನ ಫೋಟೊದಲ್ಲಿ ತುಪ್ಪ ಎಷ್ಟಿದೆ ಎಂದು ಯಾವ ಕ್ಯಾಮೆರಾಗೆ ಕಾಣುತ್ತದೆ? ಒಂದು ದೊಡ್ಡ ಚಮಚ ತುಪ್ಪಕ್ಕೆ 120 ಕ್ಯಾಲೊರಿಯ ಹತ್ತಿರ. ಅದು ಅನ್ನದೊಳಗೆ ಕರಗಿ ಹೋಗಿರುತ್ತದೆ. ನಾನು ಪ್ರಯತ್ನಿಸಿದ ಒಂದರಲ್ಲಿ ಮುದ್ದೆಯನ್ನು ಚಾಕೊಲೇಟ್ ಕೇಕ್ ಎಂದು ಗುರುತಿಸಿತು. ಅಂದು ಮನೆಯವರೆಲ್ಲ ನಕ್ಕಿದ್ದಷ್ಟೇ ಲಾಭ.

ದಿನದ ಗುರಿ ಹಾಕಿಕೊಡುವ ಜಾಗದಲ್ಲಿ ಇನ್ನಷ್ಟು ಎಚ್ಚರ ಬೇಕು. ಈ ಆ್ಯಪ್‌ಗಳಲ್ಲಿ ಹಲವು ಬಳಸುವುದು 1990ರ ಮಿಫ್ಲಿನ್ ಸೇಂಟ್ ಜಿಯೋರ್ ಸೂತ್ರವನ್ನು. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿ, ವಯಸ್ಸಿನ ಐದರಷ್ಟನ್ನು ಕಳೆದು, ಹೆಂಗಸರಾದರೆ ಇನ್ನೂ 161 ಕಳೆಯಬೇಕು. ನನಗೆ 1,255 ಬರುತ್ತದೆ, ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದಷ್ಟು. ಇದನ್ನು ಕುಳಿತು ಕೆಲಸ ಮಾಡುವವರಿಗೆ 1.2ರಿಂದ, ಸ್ವಲ್ಪ ಓಡಾಡುವವರಿಗೆ 1.375ರಿಂದ ಗುಣಿಸುತ್ತಾರೆ. ತರಗತಿಯಲ್ಲಿ ನಿಂತು ಪಾಠ ಹೇಳುವವಳು ಕುಳಿತವಳೋ ಓಡಾಡುವವಳೋ? ಒಂದು ಗುಂಡಿ ಒತ್ತಿದರೆ 1,506, ಪಕ್ಕದ್ದನ್ನು ಒತ್ತಿದರೆ 1,726. ನಡುವಿನ 220 ಅಂದರೆ ಒಂದು ಮುದ್ದೆಗೆ ತುಸು ಕಡಿಮೆ. ವಾರಕ್ಕೆ ಅರ್ಧ ಕಿಲೋ ಇಳಿಯಬೇಕು ಎಂದು ಹೇಳಿದರೆ ಇದರಿಂದ 500 ಕಳೆಯುತ್ತಾರೆ. ಒಂದು ಆ್ಯಪ್ ನನಗೆ ದಿನಕ್ಕೆ ಸಾವಿರ ಕ್ಯಾಲೊರಿ ಎಂದು ಯಾವ ಎಚ್ಚರಿಕೆಯೂ ಇಲ್ಲದೆ ಬರೆದುಕೊಟ್ಟಿತು. ಆಸ್ಪತ್ರೆಯ ಆಹಾರ ತಜ್ಞೆ ಅದನ್ನು ನೋಡಿ ಹುಬ್ಬೇರಿಸಿ 1,400ಕ್ಕೆ ತಿದ್ದಿದರು. ಗುರಿಯನ್ನು ನಾವೇ ಬದಲಿಸಲು ಬಿಡದ ಆ್ಯಪ್ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ನಡೆದ ಹೆಜ್ಜೆಗೆ ಪ್ರತಿಯಾಗಿ ಕ್ಯಾಲೊರಿ ವಾಪಸು ಕೊಡುವ ಸೌಲಭ್ಯವನ್ನೂ ನಾನು ಮುಚ್ಚಿದ್ದೇನೆ. ಸಂಜೆ ಮಹಾರಾಜ ಪಾರ್ಕಿನಲ್ಲಿ ಸುತ್ತು ಹಾಕಿದ್ದಕ್ಕೆ ಒಂದು ಮಸಾಲೆ ದೋಸೆಯ ಅನುಮತಿ ಸಿಗುವುದು ನನಗೆ ಸರಿ ಕಾಣಲಿಲ್ಲ.

ಕ್ಯಾಲೊರಿಗಿಂತ ನನಗೆ ಹೆಚ್ಚು ಉಪಯೋಗವಾದದ್ದು ಪ್ರೋಟೀನಿನ ಸಾಲು. ನಮ್ಮ ದೇಶದ ಶಿಫಾರಸು ಕಿಲೋ ತೂಕಕ್ಕೆ 0.83 ಗ್ರಾಂ, ನನ್ನ ಆಗಿನ ತೂಕಕ್ಕೆ 56 ಗ್ರಾಂ. ನನ್ನ ದಿನಚರಿಯಲ್ಲಿ 40 ಮುಟ್ಟಿದ ದಿನಗಳೇ ಅಪರೂಪ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಅಕ್ಕಿ ರೊಟ್ಟಿ: ಎಲ್ಲಿಂದ ಬರಬೇಕು? ಈಗ ಮೊಳಕೆ ಹುರುಳಿಯ ಪಲ್ಯ, ಹೆಸರುಬೇಳೆ ಕೋಸಂಬರಿ, ಮೊಟ್ಟೆ, ಗಟ್ಟಿ ಮೊಸರು ಸೇರಿವೆ. ಕಾಫಿಯನ್ನು ಬಿಟ್ಟಿಲ್ಲ. ನೀಲಿ ಪ್ಯಾಕೆಟ್ಟಿನ ನಂದಿನಿ ಹಾಲಿನಲ್ಲಿ ಕೊಬ್ಬು 3 ಶೇಕಡಾ, 100 ಮಿಲಿಲೀಟರಿಗೆ 58 ಕ್ಯಾಲೊರಿಯಷ್ಟು. ಒಂದು ಚಮಚ ಸಕ್ಕರೆಗೆ 20. ಬಿಟ್ಟದ್ದು ಆ ಸಕ್ಕರೆಯನ್ನು. ಇನ್ನು ವಿಟಮಿನ್, ಖನಿಜಗಳ ಉದ್ದ ಪಟ್ಟಿಯನ್ನು ನೋಡಿ ಗಾಬರಿಯಾಗಬೇಡಿ. ಪದಾರ್ಥದ ಮಾಹಿತಿಯಲ್ಲಿ ಆ ಅಂಕಣ ಖಾಲಿ ಇದ್ದರೆ ಮೊತ್ತದಲ್ಲಿಯೂ ಕಡಿಮೆಯೇ ಕಾಣುತ್ತದೆ, ದೇಹದಲ್ಲಿ ಕೊರತೆ ಇದೆ ಎಂದು ಅದರ ಅರ್ಥವಲ್ಲ.

ನನ್ನ ವಿದ್ಯಾರ್ಥಿನಿಯರು ಕೇಳಿದರೆ ಇವುಗಳಲ್ಲಿ ಯಾವುದನ್ನೂ ಹೇಳುವುದಿಲ್ಲ. ಹದಿನಾರು ಹದಿನೇಳರ ಹುಡುಗಿಯರು ಮಧ್ಯಾಹ್ನದ ಡಬ್ಬಿ ಮುಚ್ಚಿಟ್ಟು ಅಂಕಿ ಎಣಿಸುವುದನ್ನು ನೋಡಿದ್ದೇನೆ, ಡಬ್ಬಿ ತೆಗೆಸಿ ಎದುರು ಕೂರಿಸಿಕೊಂಡು ಉಣ್ಣಿಸಿದ್ದೇನೆ. ಬೆಳೆಯುವ ಮಕ್ಕಳಿಗೆ, ಊಟದ ಬಗ್ಗೆ ಭಯವಿರುವವರಿಗೆ ಈ ಪರದೆಗಳು ಒಳ್ಳೆಯದು ಮಾಡುವುದಿಲ್ಲ.

ಹಣ ಮತ್ತು ಮಾಹಿತಿಯ ವಿಷಯ ಬಾಕಿ ಇದೆ. ಇಂದು ಉಚಿತವಾಗಿರುವುದು ನಾಳೆಯೂ ಇರುತ್ತದೆ ಎಂದು ನಂಬಬೇಡಿ. ಮೈಫಿಟ್‌ನೆಸ್‌ಪಾಲ್‌ನಲ್ಲಿ ಬಹುಕಾಲ ಉಚಿತವಾಗಿದ್ದ ಬಾರ್‌ಕೋಡ್ ಓದುವ ಸೌಲಭ್ಯ 2022ರ ಅಕ್ಟೋಬರ್‌ನಿಂದ ಚಂದಾದಾರರ ಪಾಲಾಯಿತು. ಅದಕ್ಕೂ ಮೊದಲು, 2018ರಲ್ಲಿ, ಅದರ ಸುಮಾರು 15 ಕೋಟಿ ಖಾತೆಗಳ ಬಳಕೆದಾರರ ಹೆಸರು, ಇಮೇಲ್ ಮತ್ತು ಗೂಢಲಿಪಿಯಲ್ಲಿದ್ದ ಗುಪ್ತಪದಗಳು ಸೋರಿದ್ದವು. ಒಡೆತನವೂ ಕೈ ಬದಲಾಗುತ್ತದೆ. ಅದೇ ಆ್ಯಪ್ ಅನ್ನು ಅಂಡರ್ ಆರ್ಮರ್ ಕಂಪನಿ 2015ರಲ್ಲಿ 47.5 ಕೋಟಿ ಡಾಲರಿಗೆ ಕೊಂಡು, 2020ರಲ್ಲಿ 34.5 ಕೋಟಿಗೆ ಮಾರಿತು. ನಾವು ತಿಂದದ್ದರ ಪಟ್ಟಿ, ನಮ್ಮ ತೂಕ, ಕಾಯಿಲೆ ಎಲ್ಲವೂ ಆ ವ್ಯಾಪಾರದ ಜೊತೆಗೇ ಹೋಗುತ್ತವೆ. ಆದ್ದರಿಂದ ಬೇರೆಲ್ಲೂ ಬಳಸದ ಗುಪ್ತಪದ ಇಡಿ, ಲೆಕ್ಕಕ್ಕೆ ಬೇಕಾದ ವಯಸ್ಸು, ಎತ್ತರ, ತೂಕಗಳಿಗಿಂತ ಹೆಚ್ಚು ಕೇಳಿದರೆ ಕೊಡಬೇಡಿ, ಖಾತೆ ಅಳಿಸುವ ಗುಂಡಿ ಎಲ್ಲಿದೆ ಎಂದು ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಉಚಿತ ಪ್ರಯೋಗಾವಧಿ ಎಂದು ಕಾರ್ಡ್ ಅಥವಾ ಯುಪಿಐ ಒಪ್ಪಿಗೆ ಕೊಟ್ಟವರು ಇನ್ನೊಂದು ನೆನಪಿಡಬೇಕು. ಮೊಬೈಲಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ; ಪ್ಲೇ ಸ್ಟೋರ್‌ನ ಚಂದಾ ಪುಟಕ್ಕೆ ಹೋಗಿ ಅಲ್ಲಿಯೇ ರದ್ದು ಮಾಡಬೇಕು. ವರ್ಷದ ಚಂದಾ ಕಟ್ಟುವ ಅಗತ್ಯವಾದರೂ ಏನು? ಮನೆಯ ಅಡುಗೆ ಮೂರು ತಿಂಗಳಲ್ಲಿ ಒಂದು ಸುತ್ತು ಬಂದುಬಿಡುತ್ತದೆ. ಆಮೇಲೆ ಯಾವ ಸಾರಿಗೆ ಎಷ್ಟು ಎಂದು ಬಾಯಿಗೇ ಬರುತ್ತದೆ. ನಾನೀಗ ದಿನವೂ ಬರೆಯುವುದಿಲ್ಲ. ತಿಂಗಳಲ್ಲಿ ಒಂದು ವಾರ ಬರೆದು, ಪ್ರೋಟೀನಿನ ಸಾಲು ನೋಡಿ, ತಕ್ಕಡಿಯನ್ನು ಮತ್ತೆ ಅಲಮಾರಿಯ ಮೇಲಕ್ಕೆ ಎತ್ತಿಡುತ್ತೇನೆ. ಹಬ್ಬದ ವಾರವನ್ನು ಮಾತ್ರ ಬೇಕೆಂದೇ ಆರಿಸುವುದಿಲ್ಲ, ಒಬ್ಬಟ್ಟಿನ ಲೆಕ್ಕ ನನಗೆ ಬೇಕಾಗಿಲ್ಲ.